ಮೋಜಿಗೆ ನೆಟ್ಟ ಪೈರು

ಬೆಳಿಗ್ಗೆ ಬಾಗಿಲು ತೆಗೆದರೆ ಎದುರಿಗೆ ನಿಂಗಮ್ಮ. ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದು, ಕೆಸರಿಗೆ ಇಳಿಯಲು ಸಿದ್ಧಳಾಗಿ ನಿಂತಿದ್ದಾಳೆ. ನಾನಿನ್ನೂ ಮುಖ ತೊಳೆದಿರಲಿಲ್ಲ.

"ಎಲ್ಲಮ್ಮಿ ನಿನ್ ಗದ್ದೆ? ತೋರ್ಸು, ಒತ್ತಾಯ್ತದೆ."

ನನಗೆ ಗದ್ದೆಯಿಲ್ಲ. ಈ ಸೀಮೆಯಲ್ಲಿ ನಮ್ಮವರಾರಿಗೂ ಅಂಗೈಯಗಲ ಮಣ್ಣಿಲ್ಲ. ಅದು ನಿಂಗಮ್ಮನಿಗೂ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಕೇಳುತ್ತಿರುವ ಹೆಂಗಸಿನ ತಲೆ ಸರಿಯಾಗಿದೆಯೇ ಎಂದು ದಂಗಾಗಿ, "ನಂದೆಲ್ಲೀದ್ರೀ ಗದ್ದಿ, ನಿಂಗಮ್ಮಾರ?" ಎಂದೆ.

"ಅದು ನಿಂಗೆ ಗೊತ್ತಿರ್ಬೇಕು. ನಾನು ನಿನ್ ಮುಯ್ಯಿ ತೀರ್ಸಕ್ ಬಂದಿವ್ನಿ."

ಧಾರವಾಡದಲ್ಲಿ ಕುಳಿತು ಇದನ್ನು ಓದುವವರಿಗೆ ಹೇಳಬೇಕು. ಇಲ್ಲಿ ಮುಯ್ಯಿ ಎಂದರೆ ಕೆಲಸಕ್ಕೆ ಕೆಲಸ. ಇವತ್ತು ನೀವು ನನ್ನ ಗದ್ದೆಗೆ ಇಳಿದರೆ ಇನ್ನೊಂದು ದಿನ ನಾನು ನಿಮ್ಮ ಗದ್ದೆಗೆ ಇಳಿಯಬೇಕು. ಕೂಲಿಯ ಮಾತೇ ಇಲ್ಲ. ನಾಟಿ, ಕಳೆ, ಕೊಯ್ಲು ಎಲ್ಲವೂ ಹೆಂಗಸರ ನಡುವಿನ ಈ ಕೊಡುಕೊಳ್ಳುವಿಕೆಯ ಮೇಲೆಯೇ ನಡೆಯುತ್ತವೆ. ಹಿಂದಿನ ದಿನ ನಾನು ನಿಂಗಮ್ಮನ ಗದ್ದೆಯಲ್ಲಿ ಪೈರು ನೆಟ್ಟಿದ್ದೆ. ಯಾಕೆ ನೆಟ್ಟೆ ಎಂದರೆ, ಮೋಜಿಗೆ.

ಆ ಮೋಜಿನ ಮೂಲ ನಮ್ಮ ಕಾಲೇಜಿನ ಚರ್ಚಾಕೂಟ. ನನ್ನ ಅಣ್ಣ ಕಂಟ್ರಾಕ್ಟರರೊಬ್ಬರ ಕೈಕೆಳಗೆ ನಾಲೆಯ ಕೆಲಸ ನೋಡಿಕೊಳ್ಳಲು ಮದ್ದೂರಿಗೂ ಮಳವಳ್ಳಿಗೂ ನಡುವಿನ ಈ ಹಳ್ಳಿಗೆ ಬಂದಿದ್ದ. ಅತ್ತಿಗೆ ಹೆರಿಗೆಗೆಂದು ತವರಿಗೆ ಹೋದಳು. ಅವನಿಗೆ ಬೇಯಿಸಿ ಹಾಕಲು ಯಾರಾದರೂ ಬೇಕಿತ್ತು, ನನ್ನ ಬಿ.ಎ. ಆಗಷ್ಟೇ ಮುಗಿದಿತ್ತು. ಹೊರಡುವ ಮುಂಚೆ ಗೆಳತಿಯರು ಒಂದು ಪಟ್ಟಿ ಮಾಡಿ ಕೊಟ್ಟರು. ವೇದಿಕೆಯ ಮೇಲೆ ಎಲ್ಲವನ್ನೂ ಖಂಡಿಸಿ ಮಾತನಾಡುವ ನೀನು ಹಳ್ಳಿಯಲ್ಲಿ ದಿನವೂ ಎಲ್ಲರೂ ಮಾಡುವ ಈ ಕೆಲಸಗಳನ್ನು ಮಾಡಿ ಬಾ, ನೋಡೋಣ, ಎಂಬುದು ಸವಾಲು. ರಾಗಿಮುದ್ದೆ ಅಗಿಯದೆ ನುಂಗುವುದು. ತುಂಬಿದ ಕೊಡ ತಲೆಯ ಮೇಲೆ ಹೊತ್ತು ತುಳುಕಿಸದೆ ಮನೆ ಸೇರುವುದು. ಎತ್ತಿನ ಗಾಡಿ ಹೊಡೆಯುವುದು. ಕೆಸರುಗದ್ದೆಯಲ್ಲಿ ನಾಟಿ ಮಾಡುವುದು. ಹೀಗೇ ಇನ್ನಷ್ಟು. ಸವಾಲೆಂದರೆ ಬಿಡುವವಳಲ್ಲ ನಾನು.

ಮೊದಲ ಸೋಲು ಮುದ್ದೆಯದು. ಜೋಳದ ರೊಟ್ಟಿ ಮುರಿದು ಜಗಿದು ಬೆಳೆದ ದವಡೆ ನನ್ನದು. ಬಾಯಿಗೆ ಬಂದದ್ದನ್ನು ಹಲ್ಲಿಗೆ ತಾಕಿಸದೆ ಒಳಗೆ ಕಳಿಸು ಎಂದರೆ ಗಂಟಲೇ ಒಪ್ಪಲಿಲ್ಲ. ನಮ್ಮ ಬಾಡಿಗೆ ಮನೆಯ ಒಡತಿ ಚಿಕ್ಕತಾಯಮ್ಮ ಎದುರಿಗೆ ಕುಳಿತು, "ಅಗೀತಾ ಅವ್ಳೆ ನೋಡ್ರಮ್ಮಿ, ಎಮ್ಮೆ ಮೆಲುಕಾಕ್ದಂಗೆ," ಎಂದು ಬೀದಿಯವರನ್ನೆಲ್ಲ ಕರೆದಳು. ನಮ್ಮ ಕಡೆ ಅತಿಥಿ ಊಟ ಮಾಡುವಾಗ ನಗುವುದಿರಲಿ, ಮುಖ ನೋಡುವುದೂ ಸಂಕೋಚವೇ. ಇಲ್ಲಿ ಅತಿಥಿಯೇ ಆಟ. ಅವರ ಹಬ್ಬದ ಬಾಡಡುಗೆಯನ್ನು, ಎಂದರೆ ಮಾಂಸದಡುಗೆಯನ್ನು, ನಾನು ಮುಟ್ಟುವುದಿಲ್ಲವೆಂದಾಗ ಮಾತ್ರ ಯಾರೂ ನಗಲಿಲ್ಲ, ನನಗೆಂದು ಬೇರೆ ಗಡಿಗೆಯಲ್ಲಿ ಬಸ್ಸಾರು ಮಾಡಿಟ್ಟರು.

ಮಾತಿನ ಕಥೆ ಇನ್ನೊಂದು. ಧಾರವಾಡದಲ್ಲಿ ಜಗಳ ಆಡುವಾಗಲೂ 'ರೀ' ಬಿಡುವುದಿಲ್ಲ ನಾವು. ಇಲ್ಲಿ ಪ್ರೀತಿ ಬಂದರೂ ಬೈಗುಳದ ದನಿಯೇ. ಬಂದ ವಾರದಲ್ಲಿ ನನ್ನನ್ನು ಯಾರೋ "ಅಮ್ಮಿ, ಬಾ ಇಲ್ಲಿ" ಎಂದು ಕರೆದಾಗ ನಾನು ಏನು ತಪ್ಪು ಮಾಡಿದೆನೋ ಎಂದು ಬೆವರಿದ್ದೆ. ಕೈಗೆ ಬಂದದ್ದು ಒಂದು ತುಂಡು ಬೆಲ್ಲ. ಸೀಮೆಎಣ್ಣೆ, ಸಕ್ಕರೆ ಎಲ್ಲಕ್ಕೂ ಯುದ್ಧದ ಬಿಸಿ ತಗುಲಿರುವ ಈ ದಿನಗಳಲ್ಲಿ ಬೆಲ್ಲವೊಂದೇ ಇಲ್ಲಿ ಬರಗಾಲ ಕಾಣದ್ದು.

ಕೊಡದ ನೀರು ಅರ್ಧ ಮೈಮೇಲೆ ಸುರಿದರೂ ಹೊತ್ತು ತಂದೆ. ಗಾಡಿ ಹೊಡೆದೆ, ಎತ್ತುಗಳು ನನ್ನ ಮಾತು ಕೇಳಿದವೋ ತಮ್ಮ ದಾರಿ ಹಿಡಿದವೋ ಎಂಬುದು ಚರ್ಚಾಸ್ಪದ. ಉಳಿದದ್ದು ನಾಟಿ.

ಶ್ರಾವಣದ ಆರಂಭದಲ್ಲಿ ನಿಂಗಮ್ಮನ ಗದ್ದೆಯಲ್ಲಿ ನಾಟಿ ಎಂದು ತಿಳಿದು, ಯಾರೂ ಕರೆಯದೆ ಇಳಿದುಬಿಟ್ಟೆ. ನಿಂಗಮ್ಮ ಬೇಡವೆನ್ನಲಿಲ್ಲ, ಒಮ್ಮೆ ನನ್ನನ್ನು ಮೇಲಿಂದ ಕೆಳಗೆ ನೋಡಿ ಪೈರಿನ ಕಟ್ಟೊಂದನ್ನು ಕೈಗೆ ಕೊಟ್ಟಳು. ನಮ್ಮ ಸೀಮೆಯಲ್ಲಿ ಬಿತ್ತುವವರು ಮುಂದಕ್ಕೆ ನಡೆಯುತ್ತಾರೆ. ಇಲ್ಲಿ ನೆಡುವವರು ಬಗ್ಗಿ ಹಿಂದಕ್ಕೆ ಸರಿಯುತ್ತಾರೆ. ನನ್ನ ಕೈ ನಿಧಾನ. ತಲೆಯೆತ್ತಿ ನೋಡುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ನನ್ನನ್ನು ನಡುಗದ್ದೆಯಲ್ಲಿ ಬಿಟ್ಟು, ಸುತ್ತಲೂ ಹಸಿರು ನೆಟ್ಟು, ಬದುವಿನ ಮೇಲೆ ನಿಂತು ನಗುತ್ತಿದ್ದರು. ಪೈರು ತುಳಿಯದೆ ಹೊರಗೆ ಬರುವ ದಾರಿಯೇ ಇರಲಿಲ್ಲ. ಹಿಂದೆ ಬಿದ್ದವಳಿಗೆ ಮಾಡುವ ತಮಾಷೆ ಅದು. ಸೊಂಟ ಮುರಿದು ಹೋಗಿದ್ದರೂ ಅಷ್ಟು ನಕ್ಕ ದಿನ ನನಗೆ ಇನ್ನೊಂದಿಲ್ಲ. ಸಂಜೆ ಪಟ್ಟಿಯಲ್ಲಿ ಆ ಸಾಲಿಗೆ ಗೀಟು ಹಾಕಿ ಮಲಗಿದೆ. ಬೆಳಗಾದರೆ ಬಾಗಿಲಲ್ಲಿ ನಿಂಗಮ್ಮ.

ಮೋಜಿಗೆ ಮಾಡಿದ್ದರೀ, ಲೆಕ್ಕ ಹಿಡಿಯಬೇಡಿ ಎಂದು ಹೇಳಿ ಕಳಿಸಿದೆ. ಅವಳು ಏನೂ ಹೇಳದೆ ಹೋದಳು. ವಾದದಲ್ಲಿ ಎದುರಾಳಿ ಸುಮ್ಮನಾದರೆ ಗೆದ್ದೆವೆಂದು ತಿಳಿಯುವ ಕೆಟ್ಟ ಅಭ್ಯಾಸ ನಮ್ಮ ಕೂಟದ್ದು.

ಕೆಲವು ದಿನ ಕಳೆದ ಮೇಲೆ ಚಿಕ್ಕತಾಯಮ್ಮನ ಗದ್ದೆಗೆ ಕಳೆ ಕೀಳಲು ಹೆಂಗಸರೆಲ್ಲ ಹೋದರು, ನಿಂಗಮ್ಮನೊಬ್ಬಳು ಹೋಗಲಿಲ್ಲ. ಯಾಕೆಂದು ಕೇಳಿದಾಗ ಚಿಕ್ಕತಾಯಮ್ಮ ಮುಚ್ಚುಮರೆಯಿಲ್ಲದೆ ಹೇಳಿದಳು. ಹಳೆಯ ಮುಯ್ಯಿ ತೀರಿಸದೆ ಹೊಸ ಮುಯ್ಯಿಗೆ ಕೈಹಾಕುವಂತಿಲ್ಲ. ನಿಂಗಮ್ಮನ ತಲೆಯ ಮೇಲೆ ನನ್ನದೊಂದು ದಿನವಿದೆ. ನಾನು ಇವತ್ತಲ್ಲ ನಾಳೆ ರೈಲು ಹತ್ತುವವಳು. ಇದನ್ನು ಹೀಗೇ ಬಿಟ್ಟರೆ ಮುಂದೆ ಯಾರು ಬೇಕಾದರೂ ಯಾರ ದಿನವನ್ನು ಬೇಕಾದರೂ ನುಂಗಬಹುದು. ಆದ್ದರಿಂದ ಗದ್ದೆಗಿಳಿಯುವ ಹೆಂಗಸರ ಸಾಲಿಗೆ ಅವಳನ್ನು ಸೇರಿಸಿಕೊಂಡಿಲ್ಲ, ಅವಳ ಗದ್ದೆಗೂ ಯಾರೂ ಹೋಗುವುದಿಲ್ಲ.

ನಿಂಗಮ್ಮನ ಗದ್ದೆಗೆ ಓಡಿದೆ. ಅವಳೂ ಸೊಸೆಯೂ ಇಬ್ಬರೇ ಬಗ್ಗಿದ್ದರು. ಕಳೆ ಪೈರಿನೆತ್ತರ ಎದ್ದಿತ್ತು. ಇಬ್ಬರಿಂದ ಅದು ಮುಗಿಯುವಂಥದಲ್ಲ, ಇನ್ನು ಸ್ವಲ್ಪ ದಿನ ತಡೆದರೆ ಪೈರು ಬೆಳೆಯದೆ ಕೂರುತ್ತದೆ ಎಂಬುದು ನನ್ನಂಥವಳಿಗೂ ಕಾಣುತ್ತಿತ್ತು. ನಾನು ನಗುತ್ತ ನೆಟ್ಟ ಪೈರೂ ಅದರಲ್ಲೇ ಇತ್ತು.

ಇದನ್ನು ಸರಿಪಡಿಸುವುದು ಸುಲಭವೆಂದುಕೊಂಡೆ. ಸಂಜೆ ಹೆಂಗಸರೆಲ್ಲ ಚಿಕ್ಕತಾಯಮ್ಮನ ಜಗಲಿಯ ಮೇಲೆ ಕುಳಿತಿದ್ದಾಗ ನಡುವೆ ನಿಂತು, ವೇದಿಕೆಯ ಮೇಲೆ ನಿಂತಂತೆಯೇ ನಿಂತು, ನಿಂಗಮ್ಮ ನನಗೆ ಕೊಡಬೇಕಾದ್ದು ಏನೂ ಇಲ್ಲ, ಆ ಮುಯ್ಯಿಯನ್ನು ನಾನು ಎಲ್ಲರ ಮುಂದೆ ಬಿಟ್ಟುಬಿಟ್ಟಿದ್ದೇನೆ ಎಂದೆ.

ಎಲೆ ಮಡಿಸುತ್ತಿದ್ದವಳು ಹಾಗೇ ಕೈಯಲ್ಲಿ ಹಿಡಿದುಕೊಂಡಳು. ನಿಂಗಮ್ಮ ಮೆಲ್ಲಗೆ ಎದ್ದು ನನ್ನ ಎದುರಿಗೆ ಬಂದಳು.

"ಮುಯ್ಯಿ ಬುಡೋದು ಸತ್ತೋರ್ಗೆ ಕಣಮ್ಮಿ. ತೀರ್ಸಕ್ ಒಂದು ಜೀವ ಇಲ್ದಿರೋ ಮನೇಗೆ. ನಾನು ಬದ್ಕಿವ್ನಿ. ನನ್ ಸೊಸೆ ಬದ್ಕವ್ಳೆ."

ಒಂದು ಮನೆಯವರೆಲ್ಲ ತೀರಿಹೋಗಿ, ಮುಯ್ಯಿಗೆ ಬರಲು ಯಾರೂ ಉಳಿಯದಿದ್ದಾಗ ಊರಿನ ಹೆಂಗಸರು ಸೇರಿ ಆಡುವ ಮಾತು ಅದಂತೆ. ಜನರ ಮುಂದೆ ತಲೆಯೆತ್ತಿ ಆಡುವ ಮಾತಲ್ಲ, ತಲೆಯ ಮೇಲೆ ಸೆರಗೆಳೆದುಕೊಂಡು ಆಡುವ ಮಾತು. ನಾನು ತುಂಬಿದ ಜಗಲಿಯಲ್ಲಿ, ಜೀವಂತ ಹೆಂಗಸಿನ ಮುಖಕ್ಕೆ, ನಗುನಗುತ್ತ ಆಡಿದ್ದೆ. ಧಾರವಾಡದಲ್ಲಿ 'ಇರಲಿ ಬಿಡ್ರೀ' ಎನ್ನುವುದು ದೊಡ್ಡತನ. ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ಆ ರಾತ್ರಿ ನನಗೆ ನಾಚಿಕೆಯಾಯಿತು, ನಿಜ. ಸಿಟ್ಟೂ ಬಂತು. ಇದೆಂಥ ನ್ಯಾಯ? ಒಬ್ಬಳು ಖುಷಿಗೆ ಮಾಡಿದ್ದನ್ನು ಇನ್ನೊಬ್ಬಳ ಕೊರಳಿಗೆ ಕಟ್ಟುವುದು ಯಾವ ತರ್ಕ? ಮಾರನೆಯ ದಿನ ಚಿಕ್ಕತಾಯಮ್ಮನ ಜೊತೆ ವಾದಕ್ಕೇ ಕುಳಿತೆ. ನಿಂಗಮ್ಮ ನನ್ನ ಹೆಸರಿನಲ್ಲಿ ನಿಮ್ಮ ಗದ್ದೆಯಲ್ಲಿ ಕಳೆ ಕೀಳಲಿ, ಅವಳ ಮುಯ್ಯಿ ತೀರುತ್ತದಲ್ಲವೇ ಎಂದೆ. ತೀರುತ್ತದೆ ಎಂದಳು. ನಾನು ಗೆದ್ದೆನೆಂದು ಏಳುವಷ್ಟರಲ್ಲಿ, ಆಗ ನಿನಗೆ ಕೊಡಬೇಕಾದವಳು ನಾನಾಗುತ್ತೇನಲ್ಲ, ನಿನ್ನ ಗದ್ದೆಯೆಲ್ಲಿ ಎಂದಳು. ಅದನ್ನು ಇನ್ನೊಬ್ಬಳಿಗೆ ದಾಟಿಸಿದರೆ? ಅವಳು ಕೇಳುತ್ತಾಳೆ, ಗದ್ದೆಯೆಲ್ಲಿ? ನಾಲ್ಕು ಮನೆ ಸುತ್ತಿದರೂ ಲೆಕ್ಕ ಬಂದು ನಿಲ್ಲುವುದು ಮಣ್ಣಿಲ್ಲದ ನನ್ನ ಕಾಲ ಬುಡದಲ್ಲೇ. ತರ್ಕದಲ್ಲಿ ಒಂದು ಬಿರುಕೂ ಸಿಗಲಿಲ್ಲ. ನಮ್ಮ ಕೂಟದ ಅಧ್ಯಕ್ಷರು ಇಲ್ಲಿದ್ದಿದ್ದರೆ ಬಹುಮಾನವನ್ನು ಚಿಕ್ಕತಾಯಮ್ಮನಿಗೇ ಕೊಡುತ್ತಿದ್ದರು.

"ಹಂಗಾದ್ರ ನನಗ ಹೊಲಾನ ಕೊಡ್ರಿ," ಎಂದೆ. ಸಿಟ್ಟಿಗೆ ಅಂದದ್ದು.

ಅವಳು ಎಲೆಯಡಿಕೆ ಉಗಿದಳು. "ನಾಲೆ ಮ್ಯಾಗಳ ದಿಣ್ಣೆ ಬೀಳು ಬಿದ್ದದೆ. ವಾರಕ್ ಮಾಡ್ತೀಯಾ?"

ವಾರ ಎಂದರೆ ಬೆಳೆದದ್ದರಲ್ಲಿ ಅರ್ಧ ಅವಳಿಗೆ, ಅರ್ಧ ನನಗೆ. ಹೀಗೆ ಧಾರವಾಡದಲ್ಲಿ ತುಳಸಿಗಿಡಕ್ಕೂ ಸರಿಯಾಗಿ ನೀರು ಹಾಕದ ನಾನು ಮಳವಳ್ಳಿ ಸೀಮೆಯಲ್ಲಿ ರಾಗಿ ಬೆಳೆಯುವವಳಾದೆ. ಅಣ್ಣ ತಲೆಯ ಮೇಲೆ ಕೈಹೊತ್ತು ಕೂತ. ಚಿಕ್ಕತಾಯಮ್ಮನ ಮಗ ದಿಣ್ಣೆ ಉತ್ತುಕೊಟ್ಟಾಗ, ಇದಕ್ಕೂ ಮುಯ್ಯಿಯೇ ಎಂದು ಗಾಬರಿಯಿಂದ ಕೇಳಿದೆ. ಉಳುಮೆ ವಾರದ ಲೆಕ್ಕಕ್ಕೆ ಸೇರಿದ್ದು, ಹೆದರಬೇಡ ಎಂದ.

ರಾಗಿ ಪೈರು ನೆಡುವ ದಿನ ನಿಂಗಮ್ಮ ಸೊಸೆಯನ್ನು ಬಿಟ್ಟು ಒಬ್ಬಳೇ ಬರಬೇಕಿತ್ತು. ಬೆಳಿಗ್ಗೆ ದಿಣ್ಣೆಯ ಹತ್ತಿರ ಹೋದರೆ ಸಾಲಿಗೆ ಸಾಲೇ ನಿಂತಿದೆ. ಚಿಕ್ಕತಾಯಮ್ಮನೂ ಕುಕ್ಕೆ ಹಿಡಿದು ನಿಂತಿದ್ದಾಳೆ. ನಿಮ್ಮನ್ನು ಯಾರು ಕರೆದರು, ನನಗೆ ನಿಂಗಮ್ಮಾರೊಬ್ಬರು ಸಾಕು ಎಂದೆ.

"ಒಬ್ಬಳ್ ನೆಟ್ರೆ ಅದು ಸಾಲಾ?" ಎಂದು ಚಿಕ್ಕತಾಯಮ್ಮ ಬಗ್ಗಿಯೇಬಿಟ್ಟಳು. ನಿಂಗಮ್ಮ ನನ್ನ ಕಡೆ ತಿರುಗಿ, "ನಿಂತ್ಕೊಂಡ್ ಭಾಷಣ ಮಾಡ್ಬ್ಯಾಡ, ಬಗ್ಗು," ಎಂದಳು. ಜಗಲಿಯ ಆ ಸಂಜೆಯ ನಂತರ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಹೊತ್ತು ಮುಳುಗುವಾಗ ನಿಂಗಮ್ಮ ಕೈ ತೊಳೆದು, "ನಂದು ತೀರ್ತು," ಎಂದಳು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ, ಆದರೆ ಹೋಗುವಾಗ ಎಲ್ಲರಿಗಿಂತ ಮುಂದೆ ನಡೆದಳು. ಮಾರನೆಯ ಬೆಳಿಗ್ಗೆ ಸಾಲೆಲ್ಲ ಅವಳ ಗದ್ದೆಗೆ ಇಳಿಯಿತು. ಬದುವಿನಾಚೆ ಬಿಸಾಡಿದ ಕಳೆಯ ರಾಶಿ ಹೊತ್ತೇರಿದಂತೆ ಬೆಳೆಯಿತು, ಸಂಜೆಯ ಹೊತ್ತಿಗೆ ನೀರು ಕಾಣುವಷ್ಟು ಗದ್ದೆ ತಿಳಿಯಾಯಿತು.

ಆಗ ನನಗೆ ಹೊಳೆಯಿತು. ನಿಂಗಮ್ಮನದು ತೀರಿತು, ಸರಿ. ಉಳಿದವರು? ನನ್ನ ದಿಣ್ಣೆಗೆ ಬಂದ ಪ್ರತಿಯೊಬ್ಬಳಿಗೂ ಈಗ ನಾನು ಒಂದೊಂದು ದಿನ ಕೊಡಬೇಕು. ಒಂದು ಮುಯ್ಯಿ ಕಳೆಯಲು ಹೋಗಿ ಸಾಲಿನಷ್ಟು ಮುಯ್ಯಿ ಹೊತ್ತೆ. ಈ ಮುಯ್ಯಿ ಹೆಂಗಸರನ್ನು ಕಟ್ಟಿಹಾಕುವ ಹಗ್ಗ ಎಂದು ನಾನು ಈಗಲೂ ವಾದಿಸುತ್ತೇನೆ. ನಿಂಗಮ್ಮನ ಸೊಸೆಯ ತವರು ಪೂರಿಗಾಲಿ, ಇಲ್ಲಿಂದ ಒಂದು ಗಾಡಿಯ ದಾರಿ. ತಾಯಿ ಹಾಸಿಗೆ ಹಿಡಿದಿದ್ದಾಗಲೂ ನಾಟಿಯ ನಡುವೆ ಆ ಹುಡುಗಿಗೆ ಹೋಗಲಾಗಲಿಲ್ಲ. ಮುಯ್ಯಿ ನಿಮ್ಮನ್ನು ಬೀಳಗೊಡುವುದಿಲ್ಲ, ಏಳಲೂ ಬಿಡುವುದಿಲ್ಲ ಎಂದು ಅವಳ ಎದುರಿಗೇ ಹೇಳಿದೆ. ಅವಳು ಒಪ್ಪಿದಳು. ಅತ್ತೆಯೂ ಅಲ್ಲಗಳೆಯಲಿಲ್ಲ. ಮರುದಿನ ಇಬ್ಬರೂ ಕೆಲಸಕ್ಕೆ ಹೋದರು, ನಾನೂ ಹೋದೆ.

ದಸರೆಗೆ ಅಣ್ಣನ ಕೆಲಸ ಮುಗಿಯಿತು. ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ನನಗೆ ನೌಕರಿ ಗೊತ್ತಾಗಿತ್ತು. ಮದ್ದೂರಿನ ಸ್ಟೇಷನ್ನಿಗೆ ಹೋಗಲು ಗಾಡಿ ಕಟ್ಟಿ, ನನ್ನ ಟ್ರಂಕನ್ನೂ ಏರಿಸಿ ಅಣ್ಣ ಕರೆದ. ಕೊಯ್ಲು ಮುಗಿಸಿ ಬರುತ್ತೇನೆ ಎಂದೆ.

"ಯಾರ ಕೊಯ್ಲು?"

"ಚಿಕ್ಕತಾಯಮ್ಮಂದು. ಆಮ್ಯಾಲ ಉಳಿದವರದು."

"ನಿನ್ನ ನೌಕರಿ ಕಾಯತೈತೇನು? ನಮ್ಮೂರು ಯಾವ್ದು ಅನ್ನೂದರ ನೆನಪೈತಿಲ್ಲೋ ನಿನಗ?"

ಯಾವ ವಿಷಯ ಕೊಟ್ಟರೂ ಪರವಾಗಿಯೂ ವಿರುದ್ಧವಾಗಿಯೂ ಮಾತನಾಡಬಲ್ಲೆ ಎಂದು ಹೆಮ್ಮೆಪಡುತ್ತಿದ್ದವಳು ನಾನು. ಟ್ರಂಕು ಒಯ್ಯಿ ಎಂದಷ್ಟೇ ಹೇಳಿದೆ. ಅವನು ಒಯ್ದ.

ಈಗ ನನ್ನ ಸೀರೆಗಳೂ ಪುಸ್ತಕಗಳೂ ಧಾರವಾಡದಲ್ಲಿವೆ. ನಾನು ನಿಂಗಮ್ಮನ ಪಡಸಾಲೆಯಲ್ಲಿ, ಅವಳ ಸೊಸೆಯ ಮಾಸಲು ಸೀರೆಯುಟ್ಟು, ಕುಡುಗೋಲು ತಾಗಿದ ಬೆರಳಿಗೆ ಬಟ್ಟೆ ಸುತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ಶಾಲೆಯವರು ಒಂದಷ್ಟು ದಿನ ಕಾಯುತ್ತೇವೆ ಎಂದಿದ್ದಾರೆ, ಬಹಳ ದಿನವಲ್ಲ. ನಾನು ಕೊಡಬೇಕಾದ ದಿನಗಳು ಮುಗಿಯುತ್ತ ಬಂದಿವೆ. ಆದರೆ ದಿಣ್ಣೆಯ ಮೇಲೆ ನನ್ನ ರಾಗಿ ತೆನೆಗಟ್ಟಿ ಬಾಗಿದೆ. ಅದನ್ನು ಕೊಯ್ಯಲು ಬರುತ್ತೇವೆಂದು ಹೆಂಗಸರು ಆಗಲೇ ಹೇಳಿ ಹೋಗಿದ್ದಾರೆ. ಬೇಡವೆಂದು ಹೇಳುವುದು ಹೇಗೆಂದು ನನಗೆ ತಿಳಿಯುತ್ತಿಲ್ಲ.

ಸಂಕ್ರಾಂತಿಗೆ ಊರಿಗೆ ಬರುತ್ತೇನೆಂದು ಅವ್ವನಿಗೆ ಬರೆದಿದ್ದೇನೆ. ಸಂಕ್ರಾಂತಿಗೆ ಇಲ್ಲೇ ಇರುತ್ತೇನೆಂದು ನಿಂಗಮ್ಮನಿಗೆ ಹೇಳಿದ್ದೇನೆ. ಎರಡನ್ನೂ ಮನಸಾರೆ ಹೇಳಿದ್ದೇನೆ.