ಕಾಲಿಗೆ ಕಟ್ಟಿದ ವಾಚು

ಹೆಜ್ಜೆ ಎಣಿಸುವ ವಾಚನ್ನು ಮಗಳು ತನ್ನ ಅವ್ವನಿಗೆಂದೇ ಶಿವಮೊಗ್ಗದಿಂದ ತಂದಿದ್ದಳು. ನನ್ನ ಹೆಂಡತಿಗೆ ಲಕ್ವ ಹೊಡೆದು ಮೂರು ತಿಂಗಳಾಗಿತ್ತು. ದಿನಾ ನಡೆಯದಿದ್ದರೆ ಎಡಗಾಲು ಹೀಗೇ ಉಳಿದುಬಿಡುತ್ತದೆ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಆ ಮಾತು ಕೇಳಿದಾಗಿನಿಂದ ನನಗೆ ನಿದ್ದೆಯಿಲ್ಲ.

ಎಂಥ ನಡಿಗೆ ಅವಳದು! ಸೊರಬದ ಕಡೆಯ ಹುಡುಗಿ. ಮದುವೆಯಾದ ಹೊಸದರಲ್ಲಿ ಹಕ್ಕಿ ತೋರಿಸುತ್ತೇನೆಂದು ಗುಡವಿ ಕೆರೆಗೆ ಕರೆದೊಯ್ದವಳು ಏರಿಯ ಮೇಲೆ ನನ್ನನ್ನು ಹಿಂದೆ ಬಿಟ್ಟು ಸರಸರ ಹೋಗಿಬಿಟ್ಟಿದ್ದಳು. "ಶಿಕಾರಿಪುರದಾಗೆ ಬಟ್ಟೆ ಅಂಗಡಿ ಗಾದಿ ಮೇಲೆ ಕೂತೋರಿಗೆ ಕಾಲು ಯಾಕ್ ಬೇಕು ಬಿಡ್ರೀ" ಎಂದು ನಕ್ಕಿದ್ದಳು.

ಅಂಥವಳು ಈಗ ಕೈಗೆ ವಾಚು ಕಟ್ಟಿಕೊಂಡು, ವಾಕರ್ ಹಿಡಿದು, ಮಂಚದಿಂದ ಹಿತ್ತಿಲ ಬಾಗಿಲವರೆಗೆ ಬೆವರು ಸುರಿಸುತ್ತ ಹೋಗಿ ಬಂದಳು. ಇಬ್ಬರೂ ಆಸೆಯಿಂದ ನೋಡಿದೆವು. ಸೊನ್ನೆ. ಮರುದಿನವೂ ಸೊನ್ನೆ. ಮೂರನೇ ದಿನ ಅದನ್ನು ಬಿಚ್ಚಿ ದಿಂಬಿನ ಮೇಲೆ ಎಸೆದಳು.

"ನಾ ನಡೆದಿದ್ದು ನಡಿಗೇನೇ ಅಲ್ವಂತೆ. ಸಾಕ್ರೀ, ಇನ್ನು ನಾ ಏಳಲ್ಲ."

ಎರಡು ದಿನ ನಿಜಕ್ಕೂ ಏಳಲಿಲ್ಲ. ರೇಗಿದೆ, ಗೋಗರೆದೆ, ಊಟ ಬಿಡುತ್ತೇನೆಂದು ಹೆದರಿಸಿದೆ.

"ಬಿಡ್ರೀ, ನಿಮಗೆ ಶುಗರ್ ಬೇರೆ ಇದೆ. ಎಷ್ಟು ಹೊತ್ತು ಬಿಡ್ತೀರೋ ನೋಡೇಬಿಡೋಣ."

ಸಿಟ್ಟೆಲ್ಲ ಮಗಳ ಮೇಲೆ ತಿರುಗಿತು. ಫೋನಿನಲ್ಲೇ ಬೈದೆ. ಪಾಪ, ಅವಳು ಸಮಾಧಾನದಿಂದ ಹೇಳಿದಳು: "ಅಪ್ಪಾಜಿ, ಕೈ ಬೀಸಿದ್ರೆ ಮಾತ್ರ ಅದಕ್ಕೆ ಗೊತ್ತಾಗೋದು. ಅವ್ವನ ಕೈ ವಾಕರ್ ಮೇಲೆ ಅಲ್ಲಾಡೋದೇ ಇಲ್ವಲ್ಲ. ಕಾಲಿಗೆ ಕಟ್ಟಿ ನೋಡ್ರಿ."

ನೆಲದ ಮೇಲೆ ಕೂತು ಹೆಂಡತಿಯ ಎಡಪಾದವನ್ನು ತೊಡೆಯ ಮೇಲಿಟ್ಟುಕೊಂಡೆ. ಎಳೆದುಕೊಳ್ಳಲು ಅವಳಿಂದಾಗದು, ಬಾಯಲ್ಲೇ ಜಗಳ ತೆಗೆದಳು.

"ಶಿವಶಿವಾ! ಗಂಡನ ಕೈಲಿ ಕಾಲು ಹಿಡಿಸ್ಕೊಂಡ್ರೆ ಪಾಪ ಸುತ್ಕೊಳ್ಳಲ್ವೇನ್ರೀ? ಬಿಡ್ರೀ!"

"ಮದುವೇಲಿ ಕಾಲುಂಗುರ ತೊಡಿಸಿದಾಗ ಇಲ್ಲದ ಪಾಪ ಈಗೆಲ್ಲಿಂದ ಬಂತು? ಸುಮ್ನಿರು."

ಆವತ್ತು ಹಿಡಿದದ್ದೇ. ಆಮೇಲೆ ನಲವತ್ತು ವರ್ಷ ಈ ಪಾದವನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ. ಹಿಮ್ಮಡಿ ಬಿರಿದಿತ್ತು, ಕಾಲುಂಗುರ ಸವೆದು ತೆಳ್ಳಗಾಗಿತ್ತು. ನನಗೆ ಅಳು ಬಂತು. ತಲೆ ಎತ್ತದೆ ಪಟ್ಟಿ ಬಿಗಿದೆ.

ಹಿತ್ತಿಲ ಬಾಗಿಲವರೆಗೆ ಹೋಗಿ ಬಂದಳು. ಮೂವತ್ತೆಂಟು. ಅದನ್ನು ನನ್ನಿಂದ ಎರಡು ಸಲ ಓದಿಸಿಕೊಂಡಳು.

ಮರುದಿನ ಬೆಳಿಗ್ಗೆ ನಾನು ಲಿಂಗಪೂಜೆ ಮುಗಿಸಿ ಬರುವಷ್ಟರಲ್ಲಿ ಅವಳು ಮಂಚದ ಅಂಚಿಗೆ ಬಂದು ಕೂತಿದ್ದಳು. ಎಡಗಾಲನ್ನು ತಾನೇ ಕಷ್ಟಪಟ್ಟು ಒಂದು ಗೇಣು ಮುಂದೆ ಚಾಚಿ ನನಗಾಗಿ ಕಾಯುತ್ತಿದ್ದಳು.