ಸೆಕೆ ಅಳೆಯಲು ಬಂದ ಮಕ್ಕಳು

ಸೂಜಿಯಕ್ಕ ಇಪ್ಪತ್ತೆರಡು ವರ್ಷ ತಗಡಿನ ಮಾಡಿನ ಕೆಳಗೆ ಕುಳಿತು ಊರ ಮಕ್ಕಳ ಸಮವಸ್ತ್ರ ಹೊಲಿದವಳು. ಬೇಸಿಗೆಯ ಮಧ್ಯಾಹ್ನ ಹೊಲಿಗೆ ಯಂತ್ರ ಮುಟ್ಟಿದರೆ ಕೈ ಚುರ್ ಎನ್ನುತ್ತಿತ್ತು.

ಒಂದು ದಿನ ವಿಜ್ಞಾನದ ಮೇಷ್ಟ್ರು ಹವಾಮಾನದ ಪಾಠಕ್ಕೆಂದು ಮಕ್ಕಳನ್ನು ಅವಳ ಬೀದಿಗೆ ಕರೆತಂದರು. ಮನೆಮನೆಯ ಸೆಕೆ ಅಳೆದು, ಹೆಚ್ಚು ಬೇಯುವ ಮನೆಗಳ ಪಟ್ಟಿಯನ್ನು ನಗರಸಭೆಗೆ ಕೊಟ್ಟರೆ, ಆ ಮಾಡುಗಳಿಗೆ ಬಿಸಿಲು ತಡೆಯುವ ಬಿಳಿ ಬಣ್ಣ ಬಳಿಯುತ್ತಾರಂತೆ.

ಸೂಜಿಯಕ್ಕನ ಮನೆಯೊಳಗೆ ಉಷ್ಣಮಾಪಕ ಹಿಡಿದ ಹುಡುಗಿ ಕೂಗಿದಳು: "ಸಾರ್, ಇಲ್ಲಿ ಬರೀ ಮೂವತ್ತು ಡಿಗ್ರಿ! ಪಕ್ಕದ ಮನೇಲಿ ಮೂವತ್ತೊಂಬತ್ತಿತ್ತು."

"ಹಾಗಾದ್ರೆ ಈ ಮನೆ ಪಟ್ಟೀಲಿ ಬರಲ್ಲ," ಎಂದರು ಮೇಷ್ಟ್ರು.

ಸೂಜಿಯಕ್ಕ ಕಕ್ಕಾಬಿಕ್ಕಿಯಾದಳು. "ಅಯ್ಯೋ ಮೇಷ್ಟ್ರೇ, ಮಕ್ಕಳು ಬರ್ತಾರೆ ಅಂತ ಮಾಡಿನ ಮೇಲೆ ಒದ್ದೆ ಗೋಣಿ ಹಾಸಿದ್ದೀನಿ. ಬೆಳಗ್ಗೆಯಿಂದ ಎಂಟು ಕೊಡ ನೀರು ಹೊತ್ತಿದ್ದೀನಿ!"

"ಒಳ್ಳೇ ಕೆಲಸ ಮಾಡಿದ್ರಿ ಅಕ್ಕಾ! ನಾಳೆ ಮತ್ತೆ ಬರ್ತೀವಿ. ದಯವಿಟ್ಟು ಏನೂ ಮಾಡ್ಬೇಡಿ."

"ಮನೆಗೆ ಬಂದೋರನ್ನ ಬೇಯಿಸಿ ಕಳಿಸೋದಾ? ಇದ್ಯಾವ ಸೀಮೆ ಪಾಠ?"

ಮರುದಿನ ಅವಳು ಗೋಣಿ ತೆಗೆದಿಟ್ಟು, ತಪ್ಪು ಮಾಡಿದವಳಂತೆ ಕೈಕಟ್ಟಿ ಕುಳಿತಳು. ಒಳಗೆ ಬಂದ ಮಕ್ಕಳ ಅಂಗಿ ಬೆನ್ನಿಗಂಟಿತು.

"ನಲವತ್ತು!" ಎಂದು ಹುಡುಗಿ ಕುಣಿದಳು. ಮೇಷ್ಟ್ರು ಮನೆಯನ್ನು ಪಟ್ಟಿಗೆ ಸೇರಿಸಿಕೊಂಡರು.

ಪಟ್ಟಿಗೆ ಸೇರಿದೆನೆಂದು ನಗಬೇಕೋ, ಮಕ್ಕಳು ಬೆವರಿದರೆಂದು ಮರುಗಬೇಕೋ ಸೂಜಿಯಕ್ಕನಿಗೆ ತಿಳಿಯಲಿಲ್ಲ. ಬೀಸಣಿಗೆ ಕೈಗೆತ್ತಿಕೊಂಡವಳು ಅರ್ಧಕ್ಕೇ ನಿಂತು, ಮೇಷ್ಟ್ರ ಮುಖ ನೋಡಿದಳು.

"ಈಗಲಾದ್ರೂ ಬೀಸಬಹುದಾ?"