ಪರದೆಯ ಮೇಲಿನ ನಾಲ್ಕು ಬೆರಳು

ಫೆಬ್ರುವರಿಯಲ್ಲಿ ಮಳೆ ಬರುವುದಿಲ್ಲ, ಆದರೂ ಬರಬಹುದಿತ್ತು. ಶಾಲೆಯ ಫೋಟೋ ತೆಗೆಯಬೇಕಾದ ದಿನವೇ ಫೋಟೋದವನು ಸವಣೂರಿನ ಮದುವೆಯೊಂದನ್ನು ಒಪ್ಪಿಕೊಂಡು ನಮಗೆ ಕೈಕೊಡಬಹುದಿತ್ತು. ಹಿರೇಬೆಂಡಿಗೇರಿ ಬಸ್ಸು ಕೆಟ್ಟು ನಿಂತು ಹತ್ತನೆಯ ತರಗತಿಯ ಅರ್ಧ ಮಕ್ಕಳು ದಾರಿಯಲ್ಲೇ ಉಳಿಯಬಹುದಿತ್ತು. ಶಾಮಿಯಾನದವನು ಹತ್ತು ಕುರ್ಚಿ ಎಂದರೆ ಎಂಟು ಕಳಿಸಬಹುದಿತ್ತು. ಎಂಟರಲ್ಲಿ ಒಂದರ ಕಾಲು ಮುರಿದಿರಬಹುದಿತ್ತು. ಅದರ ಮೇಲೆಯೇ ಶಾಲಾ ಕಮಿಟಿಯ ಅಧ್ಯಕ್ಷರು ಕುಳಿತುಬಿಡಬಹುದಿತ್ತು. ಕರೆಯದ ಮಾಜಿ ಸದಸ್ಯರೊಬ್ಬರು ಶಾಲು ಹೊದ್ದು ಬಂದು ಹತ್ತನೆಯ ಕುರ್ಚಿಯನ್ನು ಹಿಡಿಯಬಹುದಿತ್ತು. ಹೆದ್ದಾರಿಯ ಗಾಳಿಗೆ ಪರದೆ ಹರಿಯಬಹುದಿತ್ತು. ಬೇವಿನ ಮರದ ಕಾಗೆ ಹೆಡ್‌ಮಾಸ್ತರರ ಬಿಳಿ ಅಂಗಿಯನ್ನೇ ಆರಿಸಿಕೊಳ್ಳಬಹುದಿತ್ತು.

ಇವನ್ನೆಲ್ಲ ನಾನು ಹಿಂದಿನ ದಿನವೇ ಒಂದು ಹಾಳೆಯಲ್ಲಿ ಪಟ್ಟಿ ಮಾಡಿದ್ದೆ. ನನ್ನ ಹೆಂಡತಿ ಅದನ್ನು ಓದಿ, “ಭೂಕಂಪ ಒಂದ ಬರದಿಲ್ಲ ನೋಡ್ರಿ” ಎಂದಳು. ಅವಳು ಒಳಗೆ ಹೋದ ಮೇಲೆ ಅದನ್ನೂ ಸೇರಿಸಿದೆ.

ಶಿಗ್ಗಾಂವದ ಅಂಚಿನಲ್ಲಿ, ಹೆದ್ದಾರಿಯ ಲಾರಿಗಳು ಪಾಠಕ್ಕೆ ಅಡ್ಡ ಬಾಯಿ ಹಾಕುವಷ್ಟು ಹತ್ತಿರದಲ್ಲಿರುವ ಸರ್ಕಾರಿ ಹೈಸ್ಕೂಲು ನಮ್ಮದು. ನಾನು ಓದಿದ್ದೂ ಅಲ್ಲಿಯೇ, ಈಗ ಸಮಾಜ ವಿಜ್ಞಾನ ಕಲಿಸುವುದೂ ಅಲ್ಲಿಯೇ. ಶಾಲೆಯ ಚರಿತ್ರೆಯನ್ನು ಯಾರೂ ಬರೆದಿಲ್ಲ. ವರಾಂಡದ ಗೋಡೆಗೆ ತೂಗು ಹಾಕಿದ್ದಾರೆ. ವರ್ಷಕ್ಕೊಂದರಂತೆ ಹತ್ತನೆಯ ತರಗತಿಯ ಬೀಳ್ಕೊಡುಗೆಯ ಫೋಟೋ. ಎಲ್ಲಕ್ಕಿಂತ ಹಳೆಯದರಲ್ಲಿ ಶಾಲೆ ಇನ್ನೂ ಕಾಳಿನ ವ್ಯಾಪಾರಿಯೊಬ್ಬರ ಗೋದಾಮಿನಲ್ಲಿದೆ, ಹುಡುಗರೆಲ್ಲ ಟೋಪಿ ಹಾಕಿದ್ದಾರೆ. ಆಮೇಲೊಂದರಲ್ಲಿ ಇಬ್ಬರು ಹುಡುಗಿಯರು ಬೇರೆ ಯಾರದೋ ಫೋಟೋಗೆ ಬಂದವರಂತೆ ಮೂಲೆಯಲ್ಲಿ ನಿಂತಿದ್ದಾರೆ. ಈಗಿನವುಗಳಲ್ಲಿ ಹುಡುಗಿಯರೇ ಹೆಚ್ಚು, ಮೂಲೆಯಲ್ಲಿ ನಿಂತವರು ಹುಡುಗರು. ನಡುವೆಲ್ಲೋ ಮೂರನೆಯ ಸಾಲಿನಲ್ಲಿ ಅಂಗಿಯ ಗುಂಡಿಯನ್ನು ಒಂದು ಮನೆ ತಪ್ಪಿಸಿ ಹಾಕಿಕೊಂಡ ನಾನಿದ್ದೇನೆ. ಕ್ಯಾಮೆರಾದಲ್ಲಿ ರೀಲು ಇದೆಯೋ ಇಲ್ಲವೋ ಎಂಬ ಅಂದಿನ ಚಿಂತೆ ಮುಖದ ಮೇಲೆ ಇಂದಿಗೂ ಹಾಗೆಯೇ ಇದೆ.

ಗೋದಾಮು ಬಿಟ್ಟ ಮೇಲಿನ ಎಲ್ಲ ಫೋಟೋಗಳ ಹಿಂದೆ ಒಂದು ಹಸಿರು ಪರದೆ. ಪರದೆ ಯಾಕೆಂದರೆ ಹಿಂದಿರುವುದು ಮೂತ್ರಖಾನೆಯ ಗೋಡೆ. ಹೊಸ ಕಟ್ಟಡಕ್ಕೆ ಬಂದ ವರ್ಷ, ಬೆಳಕು ಚೆನ್ನಾಗಿ ಬೀಳುವ ಜಾಗ ಅದೊಂದೇ ಎಂದು ಫೋಟೋದವನೊಬ್ಬ ಹೇಳಿದ್ದನಂತೆ. ಅಂದಿನಿಂದ ಜಾಗವೂ ಬದಲಾಗಿಲ್ಲ, ಗೋಡೆಯೂ ಬದಲಾಗಿಲ್ಲ. ಪರದೆಯ ಒಂದು ತುದಿಯನ್ನು ಬೇವಿನ ಮರಕ್ಕೆ ಕಟ್ಟುತ್ತಾರೆ. ಇನ್ನೊಂದು ತುದಿಗೆ ಕಟ್ಟಲು ಏನೂ ಇಲ್ಲ. ಹಾಗಾಗಿ ಶಾಲೆಯ ಜವಾನರು ಪರದೆಯ ಹಿಂದೆ ಸ್ಟೂಲಿನ ಮೇಲೆ ನಿಂತು, ಆ ಮೂಲೆಯನ್ನು ಕೈಯೆತ್ತಿ ಹಿಡಿಯುತ್ತಾರೆ. ಅವರನ್ನು ನಾವೆಲ್ಲ ಕಾಕಾ ಎನ್ನುತ್ತೇವೆ. ನಾನು ಎಂಟನೆಯ ತರಗತಿಯಲ್ಲಿದ್ದಾಗ ಅವರು ಕೆಲಸಕ್ಕೆ ಸೇರಿದರು. ಅಂದಿನಿಂದ ಈಚಿನ ಪ್ರತಿ ಫೋಟೋದಲ್ಲೂ ಬಲ ಮೂಲೆಯಲ್ಲಿ, ಪರದೆಯ ಅಂಚಿನ ಮೇಲೆ, ನಾಲ್ಕು ಬೆರಳು ಕಾಣುತ್ತವೆ. ಹೆಬ್ಬೆರಳು ಹಿಂದೆ. ಒಂದು ವರ್ಷ ನಡುಬೆರಳಿಗೆ ಬಟ್ಟೆ ಸುತ್ತಿದೆ.

ಅಲ್ಲೊಂದು ಕಂಬ ನೆಡಬಹುದಿತ್ತು. ಈ ಮಾತನ್ನು ನಾನು ಎಷ್ಟು ಸಭೆಗಳಲ್ಲಿ ಎತ್ತಿದ್ದೇನೆಂದರೆ, ನಾನು ಗಂಟಲು ಸರಿಮಾಡಿಕೊಂಡರೆ ಸಾಕು, ಉಳಿದವರು ಚಹಾ ತರಿಸುತ್ತಾರೆ. ಕಮಿಟಿಯ ಅಧ್ಯಕ್ಷರು ಪ್ರತಿ ಸಲವೂ ಅದೇ ಬೆರಗಿನಿಂದ ಕೇಳುತ್ತಾರೆ: “ಕಂಬ ಯಾಕ್ರಿ ಸರ್, ಸುಮ್ನ? ಅವ ಅದಾನಲ್ಲ!”

ಈ ಫೆಬ್ರುವರಿಯ ಕೊನೆಗೆ ಕಾಕಾ ನಿವೃತ್ತರಾಗುವವರಿದ್ದರು. ಜನವರಿಯ ಒಂದು ಮಧ್ಯಾಹ್ನ ಅವರ ಮೊಮ್ಮಗಳು ಊಟದ ಡಬ್ಬಿ ತಂದಿದ್ದಳು. ನಾನು ಸ್ಟಾಫ್ ರೂಮಿನ ಕಿಟಕಿಯ ಬಳಿ ಉತ್ತರ ಪತ್ರಿಕೆ ನೋಡುತ್ತಿದ್ದೆ. ಹುಡುಗಿ ವರಾಂಡದ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಕೇಳಿದಳು, “ಅಜ್ಜ, ಇದರಾಗ ನೀ ಎಲ್ಲಿ ಅದಿ?”

ಕಾಕಾ ಮೂಲೆಯ ಬೆರಳುಗಳನ್ನು ಬೆರಳಿನಿಂದಲೇ ಮುಟ್ಟಿ ತೋರಿಸಿದರು. “ಇಲ್ಲಿ.”

“ಮಾರಿ ಎಲ್ಲೈತಿ?”

“ಮಾರಿ ಹಿಂದೈತಿ ಬಿಡ.”

ಅದಾದ ಮೇಲೆ ನನಗೆ ಉತ್ತರ ಪತ್ರಿಕೆಯಲ್ಲಿ ಯಾವ ಉತ್ತರವೂ ಕಾಣಲಿಲ್ಲ. ಇದು ಕೊನೆಯ ಫೋಟೋ. ಈ ಸಲವಾದರೂ ಕಾಕಾನ ಮುಖ ಆ ಗೋಡೆಯ ಮೇಲೆ ಇರಬೇಕು. ನನ್ನ ಇಷ್ಟು ವರ್ಷಗಳ ನೌಕರಿಯಲ್ಲಿ ನಾನು ಹಟ ಹಿಡಿದದ್ದು ಇದೊಂದಕ್ಕೆ.

ಹೆಡ್‌ಮಾಸ್ತರರು ಹಿರೇಕೆರೂರಿನಿಂದ ವರ್ಗವಾಗಿ ಬಂದು ಎರಡು ವರ್ಷವಾಗಿದೆ, ಆದರೆ ನಮ್ಮ ಸಂಪ್ರದಾಯದ ಬಗ್ಗೆ ನಮಗಿಂತ ಅವರಿಗೇ ಕಾಳಜಿ ಹೆಚ್ಚು. “ಜವಾನ ಕುರ್ಚಿ ಮ್ಯಾಲೆ ಕುಂತದ್ದು ಹಿಂದೆಲ್ಲರ ಐತೇನ್ರಿ? ನಾಳೆ ಅಡಗಿ ಮಾಡೋರೂ ಕೇಳ್ತಾರ.”

‘ಕೇಳಲಿ, ಅವರೂ ಕೂಡಲಿ’ ಎಂದು ನಾನು ಮನಸ್ಸಿನಲ್ಲಿ ಗುಡುಗಿದೆ. ಬಾಯಿಂದ ಬಂದದ್ದು, “ಹೌದ್ರಿ ಸರ್, ಅದೂ ಖರೇನ.” ಮರುದಿನ ಮತ್ತೆ ಹೋದೆ. ಅದರ ಮರುದಿನವೂ. ಕೊನೆಗೆ ಅವರು ಕೈಮುಗಿದು, “ನಿಮ್ಮ ಮಾರಿ ನೋಡಾಕ ಆಗವಲ್ದು, ಕುಂಡ್ರಸ್ರಿ. ಪರದಿ ಮಾತ್ರ ಬೀಳಬಾರದು” ಎಂದರು.

ಕಾಕಾನನ್ನು ಒಪ್ಪಿಸುವುದು ಇನ್ನೂ ಕಷ್ಟ. “ನಂಗ್ಯಾಕ್ರಿ ಸರ್ ಈ ವಯಸ್ಸಿನಾಗ? ಪರದಿ ಯಾರ್ ಹಿಡೀತಾರ?”

“ನಾ ಹಿಡೀತೇನಿ.”

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಸ್ಟೂಲ್ ಮ್ಯಾಲೆ ನೀವು ನಿಲ್ಲೋದಕ್ಕ, ನಿಮ್ಮನ್ ಹಿಡ್ಯಾಕ ಮತ್ತೊಬ್ಬ ಬೇಕಲ್ರಿ.”

ಫೋಟೋದ ದಿನ ಮಳೆ ಬರಲಿಲ್ಲ. ಬಸ್ಸು ಬಂತು. ಫೋಟೋದವನು ಹೇಳಿದ ವೇಳೆಗಿಂತ ಮೊದಲೇ ಬಂದದ್ದು ಕಂಡು ನನಗೆ ಅನುಮಾನವಾಯಿತು. ಕುರ್ಚಿಗಳು ಹತ್ತು, ನಲವತ್ತು ಕಾಲು. ನಾನೇ ಅಲುಗಾಡಿಸಿ ನೋಡಿದೆ. ಕಾಗೆಯನ್ನು ಓಡಿಸಲು ಇಬ್ಬರು ಹುಡುಗಿಯರನ್ನು ನೇಮಿಸಿದ್ದೆ. ಮಾಜಿ ಸದಸ್ಯರು ಶಾಲು ಸಮೇತ ಬಂದೇಬಿಟ್ಟರು. ಆದರೆ ತಮಗೆ ಬಿಸಿಲು ಆಗುವುದಿಲ್ಲವೆಂದು ಹೆಡ್‌ಮಾಸ್ತರರ ಕೋಣೆಯ ಫ್ಯಾನಿನ ಕೆಳಗೆ ಕುಳಿತು ಚಹಾ ಕುಡಿದರು. ಕಾಕಾ ಹೊಸ ಬಿಳಿ ಅಂಗಿ ಹಾಕಿ, ದಾಡಿ ಮಾಡಿಸಿ, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಬಂದಿದ್ದರು. ಬೇಡ ಬೇಡ ಎಂದವರು ಎಷ್ಟು ಹೊತ್ತಿಗೆ ಎದ್ದು ತಯಾರಾಗಿದ್ದರೋ. ಹತ್ತನೆಯ ಕುರ್ಚಿಯ ತುದಿಯಲ್ಲಿ, ಕರೆದರೆ ತಟ್ಟನೆ ಏಳಲು ಬರುವಂತೆ ಕುಳಿತರು. ಮಕ್ಕಳು ಚಪ್ಪಾಳೆ ತಟ್ಟಿದರು. ಕಮಿಟಿ ಅಧ್ಯಕ್ಷರು, “ಏನಲೇ, ಮದಿಮಗಾ!” ಎಂದು ಅವರ ಬೆನ್ನಿಗೆ ಗುದ್ದಿದರು.

ನಾನು ಪರದೆಯ ಹಿಂದೆ ಹೋಗಿ ಸ್ಟೂಲು ಹತ್ತಿದೆ. ಹತ್ತಿದ ಮೇಲೆ ಅರ್ಥವಾದದ್ದು, ಅಲ್ಲಿಂದ ಏನೂ ಕಾಣುವುದಿಲ್ಲ. ಕಣ್ಣ ಮುಂದೆ ಹಸಿರು ಬಟ್ಟೆ, ಬೆನ್ನ ಹಿಂದೆ ಮೂತ್ರಖಾನೆಯ ವಾಸನೆ. ಹೆದ್ದಾರಿಯಲ್ಲಿ ದೊಡ್ಡ ಲಾರಿ ಹೋದಾಗಲೆಲ್ಲ ಗಾಳಿ ಬಂದು ಪರದೆ ನನ್ನನ್ನೇ ಎಳೆಯುತ್ತಿತ್ತು. ಇಷ್ಟು ವರ್ಷ ಕಾಕಾ ಹೀಗೆ ನಿಂತಿದ್ದರು. ಒಂದು ಕಂಬಕ್ಕೆ, ಒಂದೇ ಒಂದು ಕಂಬಕ್ಕೆ ನಮಗೆ ಇಷ್ಟು ವರ್ಷ ಸಾಲಲಿಲ್ಲ.

“ಎಲ್ಲಾರೂ ಈ ಕಡೆ ನೋಡ್ರಿ! ರೆಡಿ!” ಎಂದು ಫೋಟೋದವನು ಕೂಗಿದ.

ಆಗ ನನಗೆ ಪರದೆ ವಾರೆಯಾಗಿದೆ ಎನ್ನಿಸಿತು. ವಾರೆಯಾಗಿದ್ದರೆ ಗೋಡೆ ಕಾಣುತ್ತದೆ. ಗೋಡೆ ಕಂಡರೆ ಹೆಡ್‌ಮಾಸ್ತರರು ಇನ್ನು ಯಾವ ಜವಾನರನ್ನೂ ಎಂದೆಂದಿಗೂ ಕೂಡಿಸುವುದಿಲ್ಲ. ತಡೆಯಲಾಗದೆ ಕೂಗಿದೆ: “ಕಾಕಾ, ಪರದಿ ನೆಟ್ಟಗೈತೇನ್ರಿ?”

“ಬಲಕ್ಕ ತುಸು ಇಳಸ್ರಿ ಸರ್” ಎಂದು ಆ ಕಡೆಯಿಂದ ಉತ್ತರ ಬಂತು. ಇಳಿಸಿದೆ. ಕ್ಯಾಮೆರಾ ಕ್ಲಿಕ್ಕೆಂದಿತು. “ಇನ್ನೊಂದ್ ಹೊಡಿತೇನಿ, ಹಂಗ ಇರ್ರಿ” ಎಂದ ಫೋಟೋದವನು. ಆದರೆ ಕಾಕಾ ಗಡಿಯಾರ ನೋಡಿಕೊಂಡಿದ್ದರು. ಬಿಸಿಯೂಟದ ಗಂಟೆ ಅವರ ಕೈಯಲ್ಲಿ ಎಂದೂ ತಡವಾದದ್ದಿಲ್ಲ. ಅವರು ಎದ್ದು ಹೋಗಿ ಗಂಟೆ ಹೊಡೆದರು. ಮಕ್ಕಳು ತಾಟು ಹಿಡಿದು ಓಡಿದರು.

ಸ್ಟೂಲಿನಿಂದ ನಾನು ಬೀಳದೆ ಇಳಿದೆ. ಮನೆಗೆ ಹೋಗಿ ಪಟ್ಟಿಯನ್ನು ತೆಗೆದು, ಭೂಕಂಪದವರೆಗೆ ಒಂದೊಂದನ್ನೇ ಹೊಡೆದು ಹಾಕಿದೆ.

ಕಾಕಾನ ಬೀಳ್ಕೊಡುಗೆಯ ದಿನ ಚೌಕಟ್ಟು ಹಾಕಿಸಿದ ಫೋಟೋ ಬಂತು. ಎಲ್ಲರ ಕಣ್ಣೂ ತೆರೆದಿವೆ. ಹೆಡ್‌ಮಾಸ್ತರರ ಅಂಗಿ ಬೆಳ್ಳಗಿದೆ. ಮೇಲೆ ಬಲ ಮೂಲೆಯಲ್ಲಿ ನನ್ನ ನಾಲ್ಕು ಬೆರಳು ಸ್ಪಷ್ಟವಾಗಿವೆ. ಹತ್ತನೆಯ ಕುರ್ಚಿಯಲ್ಲಿ ಎಣ್ಣೆ ಹಚ್ಚಿ ಬಾಚಿದ ಹಿಂದಲೆ, ಹೊಸ ಅಂಗಿಯ ಕಾಲರು, ಇಳಿಸಿ ಎಂದು ನನಗೆ ಸನ್ನೆ ಮಾಡುತ್ತಿರುವ ಒಂದು ಕೈ.

ಕಾಕಾ ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. “ಪರದಿ ನೆಟ್ಟಗ ಬಂದೈತ್ರಿ ಸರ್” ಎಂದರು.